ಬೂಷ್ಟು ಹಿಡಿದ ಕಪಾಟು ಫ್ಯಾಶನ್ ಪುಟಕ್ಕೆ ಯಾಕೆ ಬಂತು?

ಕಾರ್ಕಳದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಓದುಗರೊಬ್ಬರು ಹೋದ ಸಂಚಿಕೆಯ ಫೋಟೋಗಳ ಬಗ್ಗೆ ಬೇಸರದಿಂದ ಬರೆದಿದ್ದಾರೆ. ಬೂಷ್ಟು ಹಿಡಿದ ಬಟ್ಟೆಯ ಫೋಟೋ ಫ್ಯಾಶನ್ ಹೇಗಾಗುತ್ತದೆ? ಅತಿಯಾಗಿ ಕೊಳ್ಳುವುದನ್ನು ಪ್ರಶ್ನಿಸುವ ನೀವು ಮೂರೇ ಪುಟ ಬಿಟ್ಟು ಆಟಿ (ತುಳುನಾಡಿನ ಮಳೆಗಾಲದ ತಿಂಗಳು) ಸೇಲಿನ ಜಾಹೀರಾತು ಹಾಕಿದ್ದು ಸರಿಯಾ? ಜನ ಕೊಳ್ಳುವುದು ನಿಲ್ಲಿಸಿದರೆ ನಮ್ಮಂಥವರು ಏನು ಮಾಡಬೇಕು? ಇವು ಅವರ ಪ್ರಶ್ನೆಗಳು.

ನಮಸ್ಕಾರ. ನಿಮ್ಮ ಪತ್ರವನ್ನು ಕಚೇರಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ.

ಮೊದಲು ಜಾಹೀರಾತಿನ ವಿಷಯ. ನೀವು ಹೇಳಿದ್ದು ಸರಿ. ಅಚ್ಚಿಗೆ ಹೋಗುವ ಮೊದಲು ಆ ಪುಟ ನನ್ನ ಕಣ್ಣಿಗೆ ಬಿದ್ದಿತ್ತು. ಹೋಗಲಿ ಅಂತ ಬಿಟ್ಟೆ, ತಪ್ಪು ನನ್ನದು. ಜಾಹೀರಾತು ಇಲ್ಲದೆ ಪತ್ರಿಕೆ ನಡೆಯುವುದಿಲ್ಲ. ಆದರೆ ‘ಒಂದು ಕೊಂಡರೆ ಎರಡು ಉಚಿತ’ ಎನ್ನುವ ಬಟ್ಟೆ ಜಾಹೀರಾತನ್ನು ಇನ್ನು ತೆಗೆದುಕೊಳ್ಳುವುದು ಬೇಡ ಎಂದು ನಾವು ಮಾತಾಡಿಕೊಂಡಿದ್ದೇವೆ.

ಇನ್ನು ಆ ಫೋಟೋಗಳು. ಅವನ್ನು ತೆಗೆದದ್ದು ಮಂಗಳೂರಿನ ಒಂದು ಫ್ಲಾಟಿನಲ್ಲಿ, ಕಿಟಕಿಯ ಬೆಳಕಿನಲ್ಲಿ. ನಾನೂ ಅಲ್ಲಿದ್ದೆ. ಆಟಿಯ ಮಳೆ ಒಂದೇ ಸಮನೆ ಸುರಿಯುತ್ತಿತ್ತು. ಆ ಮನೆಯ ಹುಡುಗಿ ಕಪಾಟು ತೆಗೆದಾಗ ಮುಗ್ಗಲು ವಾಸನೆ ಕೋಣೆ ತುಂಬಿತು. ನಮ್ಮ ಕರಾವಳಿಯವರಿಗೆ ಆ ವಾಸನೆ ಗೊತ್ತು. ಒಳಗಿದ್ದ ಒಂದು ಕುರ್ತಾದ ಕಾಲರಿನಲ್ಲಿ ಬೆಲೆಯ ಚೀಟಿ ಇನ್ನೂ ನೇತಾಡುತ್ತಿತ್ತು. ಚೀಟಿ ಎತ್ತಿ ನೋಡಿದರೆ ಅಡಿಯಲ್ಲಿ ಬೂದಿ ಬಣ್ಣದ ಚುಕ್ಕೆಗಳು. ಒಮ್ಮೆಯೂ ಮೈಗೆ ಹಾಕದೆ ಹಾಳಾದ ಬಟ್ಟೆ. ಆ ಚೀಟಿಯೇ ನಮ್ಮ ಮೊದಲ ಫೋಟೋ ಆಯಿತು.

2021ರಲ್ಲಿ ಚಿಲಿ ದೇಶದ ಅಟಕಾಮ ಮರುಭೂಮಿಯಿಂದ ಬಂದ ಫೋಟೋಗಳನ್ನು ನೀವೂ ನೋಡಿರಬಹುದು. ಆಲ್ಟೊ ಆಸ್ಪಿಸಿಯೊ ಎಂಬ ಊರಿನ ಹತ್ತಿರ ಮರಳಿನ ಮೇಲೆ ಬಟ್ಟೆಯ ಗುಡ್ಡ. ಎಲ್ಲೆಲ್ಲೋ ಮಾರಾಟವಾಗದೆ ಉಳಿದು ಅಲ್ಲಿಗೆ ಬಂದ ಮಾಲೂ ಅದರಲ್ಲಿತ್ತು. ಅಷ್ಟು ದೊಡ್ಡ ಗುಡ್ಡ ನೋಡಿದಾಗ ಅದು ಯಾರದೋ ತಪ್ಪು ಅನ್ನಿಸುತ್ತದೆ. ಕುರ್ತಾದ ಚೀಟಿ ನೋಡಿದಾಗ ನನಗೆ ನನ್ನದೇ ಕಪಾಟು ನೆನಪಾಯಿತು. ಹೊಸತರ ಆಸೆ ಹುಟ್ಟಿಸಲು ಇಷ್ಟು ವರ್ಷ ದುಡಿದ ಕ್ಯಾಮೆರಾ, ಮನೆಗೆ ತಂದ ಬಟ್ಟೆ ಮುಂದೆ ಏನಾಯಿತು ಅಂತಲೂ ನೋಡಲಿ ಎಂಬುದು ನನ್ನ ಆಸೆ. ಅದಕ್ಕೇ ಆ ಫೋಟೋ ಫ್ಯಾಶನ್ ಪುಟಕ್ಕೇ ಬರಬೇಕಿತ್ತು.

ಫ್ಯಾಶನ್ ಫೋಟೋಗಳಿಂದಲೇ ಆಗುವ ದುಂದಿನ ಬಗ್ಗೆ ದೊಡ್ಡ ಪತ್ರಿಕೆಗಳೂ ಪ್ರಶ್ನೆ ಕೇಳಿಕೊಂಡಿವೆ. ಇಟಲಿಯ ವೋಗ್ ತನ್ನ 2020ರ ಜನವರಿ ಸಂಚಿಕೆಗೆ ಫ್ಯಾಶನ್ ಫೋಟೋ ತೆಗೆಸಲೇ ಇಲ್ಲ. ಕಲಾವಿದರಿಂದ ಚಿತ್ರ ಬರೆಸಿತು. ತಮ್ಮ ಹಿಂದಿನ ಒಂದು ಸಂಚಿಕೆಯ ಫೋಟೋಗಳಿಗೆ ಏನೆಲ್ಲ ಖರ್ಚಾಗಿತ್ತು ಎಂದು ಅದರ ಸಂಪಾದಕರು ಓದುಗರ ಮುಂದೆ ಲೆಕ್ಕ ಇಟ್ಟರು: 150 ಜನ, ಸುಮಾರು 20 ವಿಮಾನ ಪ್ರಯಾಣ, ಕಾದು ನಿಂತ 40 ಕಾರು, ದೇಶದಿಂದ ದೇಶಕ್ಕೆ 60 ಪಾರ್ಸೆಲ್. ಆ ಲೆಕ್ಕ ಓದಿದ ಮೇಲೆ ನಮ್ಮ ಫೋಟೋಗಳಿಗೆ ಹೊಸ ಬಟ್ಟೆ ತರಿಸುವುದನ್ನು ನಾನು ತುಂಬ ಕಡಿಮೆ ಮಾಡಿದ್ದೇನೆ.

ಕೊನೆಯ ಫೋಟೋದ ಬಗ್ಗೆ ನೀವು ಏನೂ ಬರೆದಿಲ್ಲ. ಅದೇ ಹುಡುಗಿ, ಅಜ್ಜಿಯ ಹತ್ತಿಯ ಉಡುಪಿ ಸೀರೆಯಲ್ಲಿ. ಅಂಚಿನ ಹತ್ತಿರ ಹರಿದಲ್ಲಿ ಅಜ್ಜಿಯೇ ಹೊಲಿಗೆ ಹಾಕಿದ್ದಾರೆ. ದಾರದ ಕೆಂಪು ಒಂದು ಚೂರು ಬೇರೆ. ಉಡುಪಿ ಸೀರೆಗೆ 2016ರಲ್ಲಿ ಜಿಐ, ಅಂದರೆ ಇಂಥ ಊರಿನದೇ ಎಂದು ಗುರುತಿಸುವ ಭೌಗೋಳಿಕ ಮಾನ್ಯತೆ ಸಿಕ್ಕಿತು. ಕಿನ್ನಿಗೋಳಿ ಹತ್ತಿರದ ತಾಳಿಪಾಡಿಯಲ್ಲಿ ಮಗ್ಗದ ಸದ್ದು ಈಗಲೂ ಕೇಳುತ್ತದೆ. ಒಗೆದಷ್ಟೂ ಮೆತ್ತಗಾಗುವ ಸೀರೆ ಅದು. ಪೂರ್ತಿ ಸವೆದ ಮೇಲೆ ಮಗುವಿನ ತೊಟ್ಟಿಲಿಗೆ, ಆಮೇಲೆ ಅಡುಗೆಮನೆಯ ಮಸಿಬಟ್ಟೆಗೆ.

ನಿಮ್ಮ ಅಂಗಡಿಯ ಚಿಂತೆ ನನಗೆ ಅರ್ಥವಾಗುತ್ತದೆ. ಆದರೆ ನಿಮ್ಮಲ್ಲಿಗೆ ಬರುವವರು ಸೀರೆ ಬಿಡಿಸಿ, ಸೆರಗು ನೋಡಿ, ಬೆಳಕಿಗೆ ಹಿಡಿದು, ‘ಬಣ್ಣ ಹೋಗ್ತದಾ?’ ಅಂತ ಕೇಳಿ ಕೊಳ್ಳುವವರು, ಅಲ್ವಾ? ರಾತ್ರಿ ಮಲಗಿಕೊಂಡೇ ಫೋನಿನಲ್ಲಿ ಸುಮ್ನೆ ಒತ್ತಿ ತರಿಸುವ ಅಗ್ಗದ ಬಟ್ಟೆಯಿಂದ ನಿಮಗೆ ಆಗುತ್ತಿರುವ ನಷ್ಟ, ಸೀರೆಯನ್ನು ಹತ್ತು ವರ್ಷ ಉಡುವವರಿಂದ ಆಗುವುದಿಲ್ಲ ಎಂದು ನಾನು ನಂಬಿದ್ದೇನೆ.

ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮಲ್ಲೇ ಕೊಂಡ ಹಳೆ ಸೀರೆ ಉಟ್ಟುಕೊಂಡು ಬರುವ ಗಿರಾಕಿಗಳು ಇದ್ದೇ ಇರುತ್ತಾರೆ. ಅವರು ಒಪ್ಪಿದರೆ ಮಳೆ ಬಿಟ್ಟ ಮೇಲೆ ನಮ್ಮ ಫೋಟೋಗ್ರಾಫರ್ ಕಾರ್ಕಳಕ್ಕೆ ಬರುತ್ತಾರೆ. ನಿಮ್ಮ ಕೌಂಟರಿನ ಮುಂದೆಯೇ ಫೋಟೋ ತೆಗೆಯೋಣ. ನೀವೂ ಅದರಲ್ಲಿ ಇರಬೇಕು.

– ಸಂಪಾದಕಿ