ಮೊದಲ ರಿಪೋರ್ಟ್‌ಗೆ ಸಹಿ ಹಾಕುವ ಮುಂಚೆ: ಆಸ್ಪತ್ರೆಯ ಪೆಥಾಲಜಿಸ್ಟ್ ಕೆಲಸದ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಪೆಥಾಲಜಿಯಲ್ಲಿ, ಅಂದರೆ ದೇಹದ ತುಂಡು, ರಕ್ತ ಪರೀಕ್ಷಿಸಿ ರೋಗ ಗುರುತಿಸುವ ವಿಭಾಗದಲ್ಲಿ, ತರಬೇತಿ ಮುಗಿಸಿದ್ದೇನೆ. ಎರಡು ಕಡೆ ಕೆಲಸ ಸಿಕ್ಕಿದೆ. ಒಂದು ದೊಡ್ಡ ಆಸ್ಪತ್ರೆ. ಅಲ್ಲಿ ಐದಾರು ಪೆಥಾಲಜಿಸ್ಟ್‌ಗಳಿದ್ದಾರೆ, ಸಂಬಳ ಕಡಿಮೆ. ಇನ್ನೊಂದು ಚಿಕ್ಕ ಆಸ್ಪತ್ರೆ. ಇಡೀ ಲ್ಯಾಬ್‌ಗೆ ನಾನೊಬ್ಬಳೇ, ಸಂಬಳ ಜಾಸ್ತಿ. ಒಬ್ಬಳೇ ಸಹಿ ಹಾಕಬೇಕು ಎಂದರೆ ಕೈ ನಡುಗುತ್ತದೆ. ಯಾವುದನ್ನು ಒಪ್ಪಿಕೊಳ್ಳಲಿ?

ಉತ್ತರ: ಸಾಧ್ಯವಿದ್ದರೆ ದೊಡ್ಡದನ್ನೇ ಒಪ್ಪಿಕೊಳ್ಳಿ, ಕನಿಷ್ಠ ಎರಡು ವರ್ಷದ ಮಟ್ಟಿಗೆ. ಸಂಜೆ ಒಂದು ಸ್ಲೈಡ್ (ಮೈಕ್ರೋಸ್ಕೋಪ್‌ನಲ್ಲಿ ನೋಡಲು ಗಾಜಿನ ಮೇಲೆ ಅಂಟಿಸಿದ ತೆಳುವಾದ ತುಂಡು) ಅರ್ಥವಾಗದೆ ಕೂತಾಗ ಅದನ್ನು ಹಿಡಿದು ಪಕ್ಕದ ರೂಮಿಗೆ ಹೋಗಲು ಆಗುತ್ತಾ? ಮೊದಲ ಕೆಲಸ ಆರಿಸುವಾಗ ನಾನು ಕೇಳುವ ಪ್ರಶ್ನೆ ಅದೊಂದೇ. ತರಬೇತಿಯಲ್ಲಿ ನೀವು ನೋಡಿದ ಸ್ಲೈಡ್‌ಗಳೆಲ್ಲ ಕೊನೆಗೆ ಬೇರೆಯವರ ಸಹಿಯಿಂದ ಹೊರಗೆ ಹೋಗುತ್ತಿದ್ದವು. ಈಗ ಆ ಕೊನೆಯ ಹೆಸರು ನಿಮ್ಮದು. ಭಯ ಆಗದಿದ್ದರೇ ನನಗೆ ಚಿಂತೆಯಾಗುತ್ತಿತ್ತು.

ಇಂಟರ್‌ವ್ಯೂನಲ್ಲಿ ಸಂಬಳದ ಮಾತಿನ ಜೊತೆಗೆ ಇದನ್ನೂ ಕೇಳಿ: ಇಬ್ಬರು ಒಟ್ಟಿಗೆ ಕೂತು ನೋಡುವ ಮೈಕ್ರೋಸ್ಕೋಪ್ ಇದೆಯಾ, ಕಷ್ಟದ ಕೇಸ್‌ಗಳನ್ನು ಎಲ್ಲರೂ ಸೇರಿ ನೋಡುವ ರೂಢಿ ಇದೆಯಾ, ಇಮ್ಯುನೊ ಸ್ಟೇನ್ (ಜೀವಕೋಶದ ನಿರ್ದಿಷ್ಟ ಪ್ರೋಟೀನ್‌ಗೆ ಬಣ್ಣ ಹಿಡಿಸುವ ಪರೀಕ್ಷೆ) ಅಲ್ಲೇ ಮಾಡುತ್ತಾರಾ ಹೊರಗೆ ಕಳಿಸುತ್ತಾರಾ, ಹಳೆಯ ಸ್ಲೈಡ್ ಮತ್ತು ಬ್ಲಾಕ್ (ಮೇಣದಲ್ಲಿ ಹುದುಗಿಸಿಟ್ಟ ತುಂಡು) ಕೇಳಿದಾಗ ಸಿಗುತ್ತವಾ. ಹಳೆಯ ಬ್ಲಾಕ್ ಹುಡುಕಿಕೊಡಲಾಗದ ಲ್ಯಾಬ್‌ನಲ್ಲಿ ಮತ್ತೂ ಏನೇನೋ ಸರಿ ಇರುವುದಿಲ್ಲ.

ಚಿಕ್ಕ ಆಸ್ಪತ್ರೆಗೇ ಹೋಗುವ ಪರಿಸ್ಥಿತಿ ಇದ್ದರೆ ಒಂದು ಕರಾರು ಮಾಡಿಕೊಳ್ಳಿ. ಮೊದಲ ವರ್ಷ ಹೊಸದಾಗಿ ಕ್ಯಾನ್ಸರ್ ಎನ್ನುವ ಪ್ರತಿ ಕೇಸನ್ನೂ ಇನ್ನೊಬ್ಬ ಪೆಥಾಲಜಿಸ್ಟ್ ನೋಡಬೇಕು. ಅದರ ಖರ್ಚು ಆಸ್ಪತ್ರೆಯದು. ಇದನ್ನು ಬಾಯಿಮಾತಿನಲ್ಲಿ ಬಿಡಬೇಡಿ, ಬರಹದಲ್ಲಿ ಪಡೆಯಿರಿ. ಎರಡನೇ ಅಭಿಪ್ರಾಯ ಕೇಳಿದರೆ ಮರ್ಯಾದೆ ಹೋಗುತ್ತದೆ ಎಂದು ಹೊಸಬರು ಅಂದುಕೊಳ್ಳುತ್ತಾರೆ. ನಾನು ಕಂಡಂತೆ ಹಿರಿಯರೇ ಜಾಸ್ತಿ ಕೇಳುತ್ತಾರೆ.

ಇನ್ನೊಂದು ವಿಷಯ, ನೀವು ಕೇಳದೇ ಇದ್ದರೂ ಹೇಳುತ್ತೇನೆ. ಹೊಸಬರ ಗಮನವೆಲ್ಲ ಮೈಕ್ರೋಸ್ಕೋಪ್ ಮೇಲೆ. ತಪ್ಪುಗಳು ಮಾತ್ರ ಅದಕ್ಕಿಂತ ಮುಂಚೆಯೇ, ಆಪರೇಷನ್‌ನಲ್ಲಿ ತೆಗೆದ ಭಾಗವನ್ನು ಬರಿಗಣ್ಣಿನಲ್ಲಿ ನೋಡಿ ಕತ್ತರಿಸುವ ಗ್ರಾಸಿಂಗ್ ಟೇಬಲ್ ಮೇಲೆ ಶುರುವಾಗಿರುತ್ತವೆ. ನೀವು ಕ್ಯಾಸೆಟ್‌ಗೆ (ಆರಿಸಿದ ತುಂಡನ್ನು ಇಡುವ ಪುಟ್ಟ ಡಬ್ಬಿಗೆ) ಹಾಕದ ತುಂಡನ್ನು ಯಾವ ಲೆನ್ಸೂ ತೋರಿಸುವುದಿಲ್ಲ. ದೊಡ್ಡ ಕರುಳಿನ ಕ್ಯಾನ್ಸರ್‌ನ ಸ್ಪೆಸಿಮನ್‌ನಲ್ಲಿ, ಅಂದರೆ ತೆಗೆದ ಭಾಗದಲ್ಲಿ, ಕನಿಷ್ಠ 12 ಲಿಂಫ್ ನೋಡ್ (ಕ್ಯಾನ್ಸರ್ ಹರಡಬಹುದಾದ ಸಣ್ಣ ಗ್ರಂಥಿ) ನೋಡಬೇಕು ಎನ್ನುವುದು ಎಲ್ಲ ಕಡೆ ಒಪ್ಪಿದ ಅಳತೆ. ನಿಮಗೆ ಆರೇ ಸಿಕ್ಕಿದರೆ ರಿಪೋರ್ಟ್ ಬರೆಯಲು ಕೂರಬೇಡಿ. ಎದ್ದು ಹೋಗಿ ಮತ್ತೆ ಕರುಳಿಗೆ ಅಂಟಿದ ಕೊಬ್ಬಿನಲ್ಲಿ ಬೆರಳಾಡಿಸಿ. ಒಂದೇ ಒಂದು ನೋಡ್‌ನಲ್ಲಿ ಕ್ಯಾನ್ಸರ್ ಸಿಕ್ಕರೂ ರೋಗಿಯ ಹಂತ ಬದಲಾಗುತ್ತದೆ, ಕಿಮೊಥೆರಪಿ ಬೇಕಾ ಬೇಡವಾ ಎನ್ನುವ ತೀರ್ಮಾನವೂ ಬದಲಾಗಬಹುದು.

ಸ್ತನದ ಸ್ಪೆಸಿಮನ್ ಇನ್ನೂ ನಾಜೂಕು. ದೇಹದಿಂದ ತೆಗೆದ ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ (ತುಂಡು ಕೊಳೆಯದಂತೆ ಕಾಪಾಡುವ ದ್ರಾವಣಕ್ಕೆ) ಬೀಳಬೇಕು. ಅದರಲ್ಲಿ 6ರಿಂದ 72 ಗಂಟೆ ಇರಬೇಕು. ಇದು ತಪ್ಪಿದರೆ ಯಾವ ಚಿಕಿತ್ಸೆ ಎಂದು ತೀರ್ಮಾನಿಸಲು ಮುಂದೆ ಮಾಡುವ ಹಾರ್ಮೋನ್ ರಿಸೆಪ್ಟರ್ ಮತ್ತು ಹರ್‌-2 ಪರೀಕ್ಷೆಗಳನ್ನು ನಂಬುವುದು ಕಷ್ಟ. ಫಾರ್ಮಲಿನ್ ಬಹಳ ನಿಧಾನವಾಗಿ ಒಳಗಿಳಿಯುತ್ತದೆ, ಗಂಟೆಗೆ ಸುಮಾರು ಒಂದು ಮಿಲಿಮೀಟರ್. ಹಾಗಾಗಿ ದೊಡ್ಡ ಸ್ಪೆಸಿಮನ್ನನ್ನು ಇಡಿಯಾಗಿ ಡಬ್ಬಿಯಲ್ಲಿ ಬಿಟ್ಟರೆ ಹೊರಗೆ ಗಟ್ಟಿ, ಒಳಗೆ ಕೊಳೆತ. ಮಾರ್ಜಿನ್‌ಗೆ (ಸರ್ಜನ್ ಕತ್ತರಿಸಿದ ಅಂಚಿಗೆ) ಇಂಕ್ ಹಚ್ಚಿ ಅವತ್ತೇ ಹೋಳು ಮಾಡಿಡಬೇಕು. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಆಪರೇಷನ್ ಥಿಯೇಟರ್‌ಗೆ ಹೋಗಿ ಅಲ್ಲಿನ ನರ್ಸ್‌ಗಳ ಜೊತೆ ಮಾತಾಡಿ. ಎಷ್ಟು ದೊಡ್ಡ ಡಬ್ಬಿ, ಎಷ್ಟು ಫಾರ್ಮಲಿನ್, ಫಾರಂ ಮೇಲೆ ಏನೇನು ಬರೆಯಬೇಕು, ಎಲ್ಲ ಅವರ ಕೈಯಲ್ಲಿದೆ. ನಿಮ್ಮ ರಿಪೋರ್ಟ್‌ನ ಅರ್ಧ ಗುಣಮಟ್ಟವೂ ಅಲ್ಲೇ ಇದೆ.

ಟೇಬಲ್ ಮೇಲೆ ಒಂದು ಸಲಕ್ಕೆ ಒಂದೇ ಡಬ್ಬಿ ತೆರೆದಿರಲಿ. ಸ್ಲೈಡ್‌ನಲ್ಲಿ ಸಂಬಂಧವೇ ಇಲ್ಲದ ಒಂದು ಚೂರು ಕ್ಯಾನ್ಸರ್ ಕಂಡರೆ, ಅದು ಈ ರೋಗಿಯದ್ದೇನಾ ಎಂಬ ಅನುಮಾನ ಮೊದಲು ಬರಬೇಕು. ಪಕ್ಕದ ಕೇಸ್‌ನ ತುಂಡು ತೇಲಿಬಂದು ಕೂರುವುದು ಎಲ್ಲ ಲ್ಯಾಬ್‌ಗಳಲ್ಲೂ ಉಂಟು. ಬ್ಲಾಕನ್ನು ತರಿಸಿ ನೋಡಿ, ಇನ್ನಷ್ಟು ಆಳದ ಸೆಕ್ಷನ್ (ತೆಳು ಪದರ) ಕತ್ತರಿಸಲು ಹೇಳಿ.

ಪ್ರಶ್ನೆ: ಫ್ರೋಜನ್ ಸೆಕ್ಷನ್ (ಆಪರೇಷನ್ ನಡೆಯುತ್ತಿರುವಾಗಲೇ ತುಂಡನ್ನು ಹೆಪ್ಪುಗಟ್ಟಿಸಿ ಕತ್ತರಿಸಿ ನೋಡುವ ಪರೀಕ್ಷೆ) ಬಂತೆಂದರೆ ನನಗೆ ಹೊಟ್ಟೆಯಲ್ಲಿ ತಳಮಳ. ಸರ್ಜನ್ ಫೋನಿನಲ್ಲೇ ನಿಂತಿರುತ್ತಾರೆ. ‘ಕ್ಯಾನ್ಸರ್ ಹೌದೋ ಅಲ್ವೋ, ಅಷ್ಟು ಹೇಳಿ’ ಎನ್ನುತ್ತಾರೆ. ಗೊತ್ತಾಗುತ್ತಿಲ್ಲ ಎಂದು ಹೇಳಬಹುದಾ?

ಉತ್ತರ: ಹೇಳಬಹುದು. ಹೇಳಲೇಬೇಕಾದ ಸಂದರ್ಭಗಳೂ ಇವೆ. ‘ಪರ್ಮನೆಂಟ್ ಸೆಕ್ಷನ್ ಬರುವವರೆಗೆ ಕಾಯಬೇಕು’ (ಫಾರ್ಮಲಿನ್, ಮೇಣದಲ್ಲಿ ಮಾಡುವ ಎಂದಿನ ಸ್ಲೈಡ್) ಎನ್ನುವುದೂ ಒಂದು ಉತ್ತರವೇ.

ಆದರೆ ಅದಕ್ಕಿಂತ ಮುಂಚೆ ನೀವೇ ಸರ್ಜನ್‌ಗೆ ಒಂದು ಪ್ರಶ್ನೆ ಕೇಳಿ: ‘ಸರ್, ನನ್ನ ಉತ್ತರ ಬಂದ ಮೇಲೆ ನೀವೇನು ಮಾಡ್ತೀರಿ?’ ಮಾರ್ಜಿನ್‌ನಲ್ಲಿ ಕ್ಯಾನ್ಸರ್ ಇದ್ದರೆ ಇನ್ನಷ್ಟು ತೆಗೆಯುತ್ತಾರೆ, ಸರಿ. ನೋಡ್‌ನಲ್ಲಿದ್ದರೆ ಆಪರೇಷನ್ ದಾರಿಯೇ ಬೇರೆ, ಅದೂ ಸರಿ. ಉತ್ತರ ಏನೇ ಬಂದರೂ ಅವರು ಮಾಡುವುದು ಅದೇ ಆಗಿದ್ದರೆ, ಬರೀ ಕುತೂಹಲಕ್ಕೆ ಫ್ರೋಜನ್ ಬೇಡ. ಸಣ್ಣ ತುಂಡಾಗಿದ್ದರಂತೂ ಬೇಡವೇ ಬೇಡ. ಹೆಪ್ಪುಗಟ್ಟಿಸಿ ಹಾಳಾದ ತುಂಡಿನಲ್ಲಿ ಆಮೇಲೆ ಸರಿಯಾದ ರೋಗನಿರ್ಣಯ ಮಾಡಲು ಏನೂ ಉಳಿಯುವುದಿಲ್ಲ.

ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಲೂಯಿ ವಿಲ್ಸನ್ 1905ರಲ್ಲಿ ಈ ವಿಧಾನವನ್ನು ದಿನನಿತ್ಯದ ಬಳಕೆಗೆ ತಂದರು. ಇಷ್ಟು ವರ್ಷವಾದರೂ ಅದರ ಮಿತಿಗಳು ಪೂರ್ತಿ ಹೋಗಿಲ್ಲ. ಕೊಬ್ಬು ಸರಿಯಾಗಿ ಗಟ್ಟಿಯಾಗದು, ಮೂಳೆಯನ್ನು ಕತ್ತರಿಸಲಾಗದು. ಹಿಮದ ಹರಳು ಕೂತು ಜೀವಕೋಶಗಳು ಉಬ್ಬಿ ಸೊಟ್ಟಗಾಗುತ್ತವೆ. ಥೈರಾಯ್ಡ್‌ನ ಫಾಲಿಕ್ಯುಲರ್ ಗಡ್ಡೆ ಬಂದರೆ ಒತ್ತಡಕ್ಕೆ ಬಗ್ಗಬೇಡಿ. ಅದು ಕ್ಯಾನ್ಸರಾ ಎನ್ನುವುದು ಗಡ್ಡೆಯ ಸುತ್ತಲಿನ ಪೊರೆಯನ್ನೋ ರಕ್ತನಾಳವನ್ನೋ ಭೇದಿಸಿದೆಯಾ ಎನ್ನುವುದರ ಮೇಲೆ ನಿಂತಿದೆ. ಒಂದೆರಡು ಫ್ರೋಜನ್ ಸೆಕ್ಷನ್‌ನಲ್ಲಿ ಅದನ್ನು ಹೇಳಲು ಆಗುವುದಿಲ್ಲ.

ಒಂದೇ ಬ್ಲಾಕ್ ಇದ್ದರೆ 20 ನಿಮಿಷದೊಳಗೆ ಉತ್ತರ ಕೊಡುವುದು ಸಾಮಾನ್ಯ ಗುರಿ. ಹಿಂದಿನ ದಿನವೇ ಥಿಯೇಟರ್ ಲಿಸ್ಟ್ ನೋಡಿ ರೋಗಿಯ ಹಳೆಯ ಬಯಾಪ್ಸಿ, ಸ್ಕ್ಯಾನ್ ಓದಿಕೊಂಡಿದ್ದರೆ ಆ 20 ನಿಮಿಷ ಸಾಕಾಗುತ್ತದೆ. ಫೋನಿನಲ್ಲಿ ಉತ್ತರ ಹೇಳುವಾಗ ರೋಗಿಯ ಹೆಸರು ಮತ್ತು ಆಸ್ಪತ್ರೆ ನಂಬರ್ ಎರಡನ್ನೂ ಹೇಳಿ. ಕೇಳಿಸಿಕೊಂಡವರಿಂದ ಉತ್ತರವನ್ನು ತಿರುಗಿ ಹೇಳಿಸಿ. ಹೇಳಿದ್ದನ್ನೇ, ಹೇಳಿದ ಸಮಯದ ಸಮೇತ, ಬರೆದಿಡಿ. ‘ಕ್ಯಾನ್ಸರ್ ಇಲ್ಲ’ ಎನ್ನುವ ವಾಕ್ಯದ ಕೊನೆಯ ಪದ ಥಿಯೇಟರ್ ಗದ್ದಲದಲ್ಲಿ ಕೇಳದೇ ಹೋಗಬಹುದು!

ಪ್ರಶ್ನೆ: ನನ್ನ ಆಸಕ್ತಿ ಬಯಾಪ್ಸಿ. ಆದರೆ ಆಸ್ಪತ್ರೆಯವರು ರಕ್ತ ಪರೀಕ್ಷೆ, ಬಯೋಕೆಮಿಸ್ಟ್ರಿ ಎಲ್ಲಕ್ಕೂ ನನ್ನನ್ನೇ ಹೊಣೆ ಮಾಡಿದ್ದಾರೆ. ಮೆಷಿನ್‌ಗಳೇ ಮಾಡುವ ಕೆಲಸದಲ್ಲಿ ನನಗೇನು ಕೆಲಸ?

ಉತ್ತರ: ಮೆಷಿನ್ ಸುಳ್ಳು ಹೇಳಿದಾಗ ಹಿಡಿಯುವ ಕೆಲಸ. ಪ್ಲೇಟ್‌ಲೆಟ್ 20 ಸಾವಿರ, ಅಂದರೆ ಅಪಾಯದಷ್ಟು ಕಡಿಮೆ, ಎಂದು ಬರುತ್ತದೆ, ರೋಗಿ ನೋಡಿದರೆ ಆರಾಮಾಗಿದ್ದಾನೆ. ಸ್ಮಿಯರ್ (ಗಾಜಿನ ಮೇಲೆ ತೆಳುವಾಗಿ ಹರಡಿದ ರಕ್ತ) ನೋಡಿದರೆ ಪ್ಲೇಟ್‌ಲೆಟ್‌ಗಳೆಲ್ಲ ಗುಂಪು ಗುಂಪಾಗಿ ಅಂಟಿಕೊಂಡಿವೆ. ರಕ್ತ ಹೆಪ್ಪುಗಟ್ಟದಿರಲಿ ಎಂದು ಟ್ಯೂಬ್‌ನಲ್ಲಿ ಹಾಕಿರುವ ಇಡಿಟಿಎ ಎನ್ನುವ ರಾಸಾಯನಿಕದಿಂದ ಕೆಲವರ ರಕ್ತದಲ್ಲಿ ಹೀಗಾಗುತ್ತದೆ. ಅದರ ಬದಲು ಸಿಟ್ರೇಟ್ ಇರುವ ಟ್ಯೂಬ್‌ನಲ್ಲಿ ಮತ್ತೆ ತೆಗೆದು ನೋಡಿದರೆ ಎಷ್ಟೋ ಸಲ ನಿಜವಾದ ಲೆಕ್ಕ ಸಿಗುತ್ತದೆ. ನೀವು ಸ್ಮಿಯರ್ ನೋಡದಿದ್ದರೆ ಅವನಿಗೆ ಸುಮ್ನೆ ಪ್ಲೇಟ್‌ಲೆಟ್ ಏರಿಸಿಬಿಡುತ್ತಾರೆ.

ಪೊಟ್ಯಾಶಿಯಂ ವಿಪರೀತ ಜಾಸ್ತಿ, ಜೊತೆಗೆ ಕ್ಯಾಲ್ಸಿಯಂ ವಿಪರೀತ ಕಡಿಮೆ ಬಂದರೆ ಯಾರೋ ನೇರಳೆ ಮುಚ್ಚಳದ, ಅಂದರೆ ಇಡಿಟಿಎ ಇರುವ, ಟ್ಯೂಬ್‌ನ ರಕ್ತವನ್ನು ಇನ್ನೊಂದಕ್ಕೆ ಸುರಿದಿರಬಹುದು. ಆ ಇಡಿಟಿಎಯಲ್ಲಿ ಪೊಟ್ಯಾಶಿಯಂ ಇರುತ್ತದೆ, ಕ್ಯಾಲ್ಸಿಯಂ ಅನ್ನು ಅದು ಹಿಡಿದುಕೊಳ್ಳುತ್ತದೆ. ಹಾಗೆಂದು ವಾರ್ಡ್‌ಗೆ ಫೋನ್ ಮಾಡುವುದನ್ನು ತಡ ಮಾಡಬೇಡಿ. ಇದು ನಿಜವೂ ಆಗಿರಬಹುದು, ಅನುಮಾನವಿದೆ ಎಂದು ಹೇಳಿ ಹೊಸ ಸ್ಯಾಂಪಲ್ ತರಿಸಿ.

ದಿನಾ ಬೆಳಿಗ್ಗೆ ಕ್ವಾಲಿಟಿ ಕಂಟ್ರೋಲ್ ಚಾರ್ಟ್ (ಮೆಷಿನ್ ಸರಿಯಾಗಿ ಅಳೆಯುತ್ತಿದೆಯಾ ಎಂದು ತೋರಿಸುವ ದಾಖಲೆ) ನೋಡುವ ಅಭ್ಯಾಸ ಮಾಡಿಕೊಳ್ಳಿ. ಟೆಕ್ನೀಷಿಯನ್‌ಗಳ ಜೊತೆ ನಿಂತು ನೋಡಿ. ಯಾವ ಮೆಷಿನ್ ಯಾವಾಗ ಮುನಿಸಿಕೊಳ್ಳುತ್ತದೆ ಎಂದು ಅವರಿಗೆ ಗೊತ್ತು. ಅವರು ‘ಮೇಡಂ, ಇದು ಯಾಕೋ ಸರಿ ಕಾಣ್ತಿಲ್ಲ’ ಎಂದಾಗ ಗದರಿಸಿದರೆ ಮುಂದಿನ ಸಲ ಹೇಳುವುದಿಲ್ಲ.

ಪ್ರಶ್ನೆ: ಎಐ ಬಂದು ನಮ್ಮ ಕೆಲಸ ಹೋಗುತ್ತಾ?

ಉತ್ತರ: ಇಡೀ ಸ್ಲೈಡನ್ನು ಸ್ಕ್ಯಾನ್ ಮಾಡಿ ಪರದೆಯ ಮೇಲೆ ರೋಗನಿರ್ಣಯ ಮಾಡಲು ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಮೊದಲ ಬಾರಿ ಅನುಮತಿ ಕೊಟ್ಟಿತು. 2021ರಲ್ಲಿ ಪ್ರಾಸ್ಟೇಟ್ ಬಯಾಪ್ಸಿಯಲ್ಲಿ ಅನುಮಾನದ ಜಾಗ ತೋರಿಸುವ ಎಐ ಸಾಫ್ಟ್‌ವೇರ್‌ಗೂ ಒಪ್ಪಿಗೆ ಸಿಕ್ಕಿತು. ಆದರೆ ಅದು ಪೆಥಾಲಜಿಸ್ಟ್‌ಗೆ ಸಹಾಯಕ ಮಾತ್ರ, ಸಹಿ ಮನುಷ್ಯನದೇ. ಎಣಿಸುವ, ಅಳೆಯುವ ಕೆಲಸ ಕೈಬಿಟ್ಟು ಹೋಗಬಹುದು. ಹೋಗಲಿ ಬಿಡಿ, ಮೈಟೋಸಿಸ್ (ಒಡೆದು ಎರಡಾಗುತ್ತಿರುವ ಜೀವಕೋಶ) ಎಣಿಸುವುದನ್ನು ಇಷ್ಟಪಟ್ಟು ಮಾಡುವವರನ್ನು ನಾನಂತೂ ನೋಡಿಲ್ಲ. ಸ್ಕ್ಯಾನರ್ ಇರುವ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕರೆ ಪರದೆಯ ಮೇಲೆ ನೋಡುವುದನ್ನು ಈಗಲೇ ರೂಢಿ ಮಾಡಿಕೊಳ್ಳಿ. ಶುರುವಿನಲ್ಲಿ ಅದೇ ಕೇಸನ್ನು ಗಾಜಿನ ಸ್ಲೈಡ್‌ನಲ್ಲೂ ನೋಡಿ, ಎರಡೂ ಕಡೆ ಒಂದೇ ಉತ್ತರ ಬರುತ್ತಾ ಎಂದು ತಾಳೆ ನೋಡಿ.