ಕಾಡುತೊಂಡೆ ಬಳ್ಳಿ: ಕಿತ್ತು ಹಾಕಲೇ, ಇಟ್ಟುಕೊಳ್ಳಲೇ?

ಪ್ರಶ್ನೆ: ನಮ್ಮೂರು ಧಾರವಾಡ. ಈಗ ಇರುವುದು ಪುಣೆಯ ಧಾಯರಿಯಲ್ಲಿ, ಸಣ್ಣ ಹಿತ್ತಲಿರುವ ಮನೆ. ತಂತಿಬೇಲಿಯಲ್ಲಿ ತಾನಾಗೇ ಹುಟ್ಟಿದ ತೊಂಡೆಬಳ್ಳಿ ಈಗ ದಾಸವಾಳ, ಕರಿಬೇವು, ಪೇರಲ ಎಲ್ಲವನ್ನೂ ಮುಚ್ಚಿಬಿಟ್ಟಿದೆ. ಎಷ್ಟು ಕಡಿದರೂ ಮತ್ತೆ ಚಿಗುರುತ್ತದೆ. ಕಾಯಿ ಬಾಯಿಗಿಡಲಾಗದಷ್ಟು ಕಹಿ. ಮಾಲಿ ಮಾಮಾ ಕಳೆನಾಶಕ ಹೊಡೆಯೋಣ ಅನ್ನುತ್ತಾರೆ. ಕೆಂಪು ಹಣ್ಣಿಗೆ ಗಿಳಿ ಬರುತ್ತವೆ, ಬಳ್ಳಿ ಮುಟ್ಟಬೇಡಿ ಅಂತ ಮಗಳ ಹಟ. ಏನು ಮಾಡಲಿ?

ಉತ್ತರ: ಮಗಳ ಮಾತನ್ನು ಅರ್ಧ ಕೇಳಿ. ಬಳ್ಳಿ ಇರಲಿ, ಆದರೆ ಬೇಲಿ ಬಿಟ್ಟು ಆಚೆ ಹೋಗದಿರಲಿ.

ಕಾಡುತೊಂಡೆ ನಮ್ಮ ನೆಲದ್ದೇ. ಗಿಳಿ, ಪಿಕಳಾರ, ಕೋಗಿಲೆ ಹಣ್ಣು ತಿಂದು ಬೀಜ ಉದುರಿಸುತ್ತವೆ. ನೀವು ಇದೊಂದನ್ನು ಕೊಂದರೂ ಮುಂದಿನ ಮಳೆಗೆ ಇನ್ನೊಂದು ಹುಟ್ಟುವುದು ಗ್ಯಾರಂಟಿ. ಇದೇ ಬಳ್ಳಿ ಹವಾಯಿ ದ್ವೀಪಕ್ಕೆ ಹೋಗಿ ಮರಗಳನ್ನೇ ಮುಚ್ಚಿಹಾಕಿತು. ಅದನ್ನು ಹತೋಟಿಗೆ ತರಲು 1996ರಲ್ಲಿ ಆಫ್ರಿಕಾದಿಂದ ಕಾಂಡ ಕೊರೆಯುವ ಪತಂಗ ತಂದು ಬಿಟ್ಟರು. ನಮ್ಮಲ್ಲಿ ಇದನ್ನು ತಿನ್ನುವ ಹುಳುಹುಪ್ಪಟೆ ಮೊದಲಿಂದಲೂ ಇವೆ, ಹಾಗಾಗಿ ಅಷ್ಟು ಹೆದರಬೇಕಿಲ್ಲ.

ಕಡಿದರೂ ಚಿಗುರುತ್ತದೆ ಅಂದಿರಲ್ಲ, ಅದಕ್ಕೆ ಕಾರಣ ಮಣ್ಣೊಳಗಿನ ಗೆಡ್ಡೆ. ಮೇಲೆ ಎಷ್ಟು ಸವರಿದರೂ ಅಲ್ಲಿ ಕೂಡಿಟ್ಟ ಆಹಾರದಿಂದ ಹೊಸ ಕುಡಿ ಬರುತ್ತದೆ. ಜೊತೆಗೆ ನೆಲಕ್ಕೆ ತಾಗಿದ ಗೆಣ್ಣುಗಳಲ್ಲೂ ಬೇರು ಬಿಡುತ್ತದೆ. ನಿಮ್ಮ ಹಿತ್ತಲಲ್ಲಿ ಈಗ ಒಂದೇ ಬುಡ ಇರುವುದು ಡೌಟು. ಬೇಲಿ ಪಕ್ಕದ ಒಂದು ಬುಡ ಉಳಿಸಿಕೊಳ್ಳಿ. ಉಳಿದವನ್ನು ಒಂದೆರಡು ಒಳ್ಳೆ ಮಳೆ ಬಿದ್ದ ಮೇಲೆ ಅಗೆಸಿ. ಬೇಸಿಗೆಯಲ್ಲಿ ಎರೆಮಣ್ಣು ಹಾರೆಗೂ ಬಗ್ಗುವುದಿಲ್ಲ, ಮೇಲಿನ ಕಾಂಡ ಮಾತ್ರ ಕಿತ್ತು ಬಂದು ಗೆಡ್ಡೆ ಒಳಗೇ ಉಳಿಯುತ್ತದೆ.

ಕಳೆನಾಶಕ ಮಾತ್ರ ಬೇಡ. ಬಳ್ಳಿಯ ಎಲೆ ದಾಸವಾಳ, ಕರಿಬೇವಿನ ಎಲೆಗಳ ನಡುವೆ ಹೆಣೆದುಕೊಂಡಿದೆ. ಹೊಡೆದದ್ದು ಎರಡಕ್ಕೂ ಬೀಳುತ್ತದೆ. ಆ ಕರಿಬೇವನ್ನು ಒಗ್ಗರಣೆಗೆ ಹಾಕುವವರು ನೀವೇ ಅಲ್ವಾ?

ಗಿಡದ ಮೇಲಿನ ಹಸಿ ಬಳ್ಳಿಯನ್ನು ಜಗ್ಗಬೇಡಿ, ಕೊಂಬೆ ಮುರಿಯುತ್ತದೆ. ಅದರ ಸಣ್ಣ ಎಳೆಗಳು ದಾಸವಾಳದ ತೊಟ್ಟಿಗೆ ಸುತ್ತಿಕೊಂಡು ಬಿಗಿಯಾಗಿರುತ್ತವೆ. ಬಳ್ಳಿಯನ್ನು ಮೊಣಕಾಲೆತ್ತರದಲ್ಲಿ ಕತ್ತರಿಸಿ ಒಂದು ವಾರ ಸುಮ್ನೆ ಬಿಡಿ. ಎಲೆ ಬಾಡಿ, ಎಳೆಗಳು ಒಣಗಿ ಬೆರಳು ತಾಗಿದರೆ ಪುಡಿಯಾಗುವಂತಾಗುತ್ತವೆ. ಆಗ ಒಂದೊಂದೇ ತುಂಡಾಗಿ ಬಿಡಿಸಬಹುದು. ತುಂಡುಗಳನ್ನು ನೇರ ಗೊಬ್ಬರದ ಗುಂಡಿಗೆ ಹಾಕಿದರೆ ಅಲ್ಲೇ ಬೇರು ಬಿಡುತ್ತವೆ. ಮೊದಲು ತಾರಸಿ ಮೇಲೆ ಚೆನ್ನಾಗಿ ಒಣಗಿಸಿ.

ಆಮೇಲಿನ ಕೆಲಸ ಜಾಸ್ತಿ ಇಲ್ಲ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಬೇಲಿ ಕಡೆ ಹೋಗಿ ದಾಟಿ ಬಂದ ಕುಡಿ ಚಿವುಟಿ. ಡಿಸೆಂಬರ್ ಚಳಿಗೆ ಬೆಳವಣಿಗೆ ತಗ್ಗುತ್ತದೆ, ಗಟ್ಟಿಯಾಗಿ ಸವರಬೇಕಾದ್ದು ಆಗ. ಹಕ್ಕಿ ಉದುರಿಸಿದ ಬೀಜದ ಸಸಿಗಳನ್ನು ಎಳೆಯವಾಗಿರುವಾಗಲೇ ಕಿತ್ತುಬಿಡಿ, ಗೆಡ್ಡೆ ಕಟ್ಟಿದ ಮೇಲೆ ಕಷ್ಟ.

ಉಳಿಸಿಕೊಳ್ಳುವ ಬುಡ ಆರಿಸುವಾಗ ಹೂವು ನೋಡಿ. ತೊಂಡೆಯಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಬಿಳಿ ಹೂವಿನ ಹಿಂದೆ ಪುಟ್ಟ ಹಸಿರು ಹೀಚು ಕಂಡರೆ ಹೆಣ್ಣು. ಗಂಡು ಉಳಿಸಿಕೊಂಡರೆ ಗಿಳಿಗೂ ಹಣ್ಣಿಲ್ಲ, ಮಗಳೂ ಮುನಿಸಿಕೊಳ್ಳುತ್ತಾಳೆ.

ಹೀರೆ, ಹಾಗಲ ಹಾಕಿದ್ದರೆ ಇನ್ನೊಂದು ವಿಷಯ. ಅವಕ್ಕೆ ಬೀಳುವ ಹಣ್ಣುನೊಣ ತೊಂಡೆಯಲ್ಲೂ ಮೊಟ್ಟೆ ಇಡುತ್ತದೆ. ಬೇಲಿಯ ಕೆಳಗೆ ಕೊಳೆತು ಬಿದ್ದ ಹಣ್ಣು ಆರಿಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗಿಡಿ, ಒಳಗಿನ ಹುಳು ಸಾಯುತ್ತದೆ.

ಕಹಿ ಕಾಯಿಯನ್ನು ಉಪ್ಪು ಹಚ್ಚಿಯೋ ಬೇಯಿಸಿಯೋ ತಿನ್ನಲು ಹೋಗಬೇಡಿ. ಆ ಕಹಿಗೆ ವಾಂತಿ, ಭೇದಿ ಆಗಬಹುದು. ಪಲ್ಯಕ್ಕೆ ಬೇಕಾದರೆ ಊರಿಂದ ಸಿಹಿ ತೊಂಡೆಯ ಪೆನ್ಸಿಲ್ ದಪ್ಪದ ಕಡ್ಡಿ ತಂದು ಇನ್ನೊಂದು ಮೂಲೆಯಲ್ಲಿ ನೆಡಿ. ಕಾಡುಬಳ್ಳಿಯ ಪರಾಗ ತಾಗಿದರೂ ಆ ಕಾಯಿ ಕಹಿಯಾಗುವುದಿಲ್ಲ. ಆದರೆ ಅದರ ಬೀಜದಿಂದ ಹುಟ್ಟಿದ ಸಸಿಯನ್ನು ನಂಬಬೇಡಿ. ಕಾಯಿ ಬಿಟ್ಟಾಗ ಒಂದು ಚೂರು ನಾಲಿಗೆ ತುದಿಗೆ ಮುಟ್ಟಿಸಿ ನೋಡಿ, ಕಹಿ ಅನಿಸಿದರೆ ಕಿತ್ತುಹಾಕಿ.