ನಾಲ್ಕು ಕ್ರೆಡಿಟ್ಟಿನ ಸಂಕಟ

ವ್ಯಾಂಕೂವರಿನಿಂದ ಓದುಗರೊಬ್ಬರು ಬರೆದಿದ್ದಾರೆ: ‘ಮಗ ಹನ್ನೊಂದನೇ ತರಗತಿ. ಇಲ್ಲಿ ಮೂಲನಿವಾಸಿಗಳ ಬಗ್ಗೆ ಒಂದು ಕೋರ್ಸ್ ಮಾಡದೆ ಹೈಸ್ಕೂಲ್ ಮುಗಿಯುವುದಿಲ್ಲವಂತೆ. ಅವರ ನೆಲ ಕಿತ್ತುಕೊಂಡವರು ನಾವಲ್ಲ. ಕ್ಯಾಲ್ಕುಲಸ್ ಓದುವ ಹೊತ್ತನ್ನು ಇದು ನುಂಗಬೇಕೆ?’

ತಾಯಿ, ಓದಿನ ಒತ್ತಡ ನನಗೂ ಗೊತ್ತು. ಸಿಇಟಿ ಬರೆದವನೊಬ್ಬ ನಮ್ಮ ಮನೆಯಲ್ಲೂ ಇದ್ದಾನೆ. ಆದರೆ ಲೆಕ್ಕ ಸರಿಯಾಗಿ ಹಾಕಿ. ಕೆನಡಾದ ನಿಮ್ಮ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ 2023-24ರಿಂದ ಇದಕ್ಕೆಂದು ಕಡ್ಡಾಯವಾಗಿರುವುದು ಹೈಸ್ಕೂಲ್ ಮುಗಿಸಲು ಬೇಕಾದ 80 ಕ್ರೆಡಿಟ್‌ಗಳಲ್ಲಿ ಬರೀ 4. ‘ಇಂಗ್ಲಿಷ್ ಫಸ್ಟ್ ಪೀಪಲ್ಸ್’ ಎಂಬ ಕೋರ್ಸ್ ತೆಗೆದುಕೊಂಡರೆ ಇಂಗ್ಲಿಷ್ ಪಾಠದ ಲೆಕ್ಕವೂ ಅದರಲ್ಲೇ ತೀರುತ್ತದೆ. ಕ್ಯಾಲ್ಕುಲಸ್ಸಿನ ಕೂದಲೂ ಕೊಂಕುವುದಿಲ್ಲ.

ಕಿತ್ತುಕೊಂಡವರು ನೀವಲ್ಲ, ಒಪ್ಪಿದೆ. ಆದರೆ ಆ ಪ್ರಾಂತ್ಯದ ಬಹುಪಾಲು ನೆಲಕ್ಕೆ ಮೂಲನಿವಾಸಿಗಳೊಂದಿಗೆ ಒಪ್ಪಂದವೇ ಆಗಿಲ್ಲ. ವ್ಯಾಂಕೂವರ್ ನಿಂತಿರುವುದೂ ಅಂಥ ನೆಲದ ಮೇಲೆಯೇ. ಅಲ್ಲಿನ ಕರಾವಳಿಯ ಜನ ಪಾಟ್‌ಲ್ಯಾಚ್ ಎಂಬ ಕೂಟ ನಡೆಸುತ್ತಿದ್ದರು. ಕರೆದವನು ಬಂದವರಿಗೆಲ್ಲ ಉಡುಗೊರೆ ಹಂಚಬೇಕು. ಎಷ್ಟು ಕೊಟ್ಟನೋ ಅಷ್ಟು ದೊಡ್ಡವನು. ಕೂಡಿಡುವುದೇ ದೊಡ್ಡಸ್ತಿಕೆ ಎಂದುಕೊಂಡಿದ್ದ ಸರ್ಕಾರಕ್ಕೆ ಇದು ಹುಚ್ಚಾಟವಾಗಿ ಕಂಡಿತು. 1885ರಿಂದ 1951ರವರೆಗೆ ನಿಷೇಧ! ಮದುವೆಗೆ ಬಂದವರನ್ನು ತಾಂಬೂಲದ ಚೀಲ ಕೊಡದೆ ಕಳಿಸದ ನಮಗೆ ಇದು ತಿಳಿಯದೆ ಇನ್ಯಾರಿಗೆ ತಿಳಿಯಬೇಕು?

ನಿಜ ಹೇಳಲೆ, ನಿಮ್ಮ ಮಗನ ಮೇಲೆ ನನಗೆ ಹೊಟ್ಟೆಕಿಚ್ಚು. ನಾನು ಓದಿದ ಹೈಸ್ಕೂಲಿನಲ್ಲಿ ನಮ್ಮ ಕಾಡಿನ ಮೂಲನಿವಾಸಿಗಳಾದ ಸೋಲಿಗರೆಂದರೆ ಒಂದು ಮಸುಕು ಚಿತ್ರ, ‘ಜೇನು ಕೀಳುತ್ತಾರೆ’ ಎಂಬ ಒಂದು ಸಾಲು. ಬಿಳಿಗಿರಿರಂಗನ ಬೆಟ್ಟಕ್ಕೆ ಹೋದಾಗ ನನಗೆ ನಲವತ್ತು ದಾಟಿತ್ತು. ಅಜ್ಜರೊಬ್ಬರು ನೆಲ್ಲಿ ಮರದ ಕೊಂಬೆ ಬಗ್ಗಿಸಿ ತೋರಿಸಿದರು: ಸಣ್ಣ ಎಲೆಗಳ ನಡುವೆ ದಪ್ಪ, ಅಗಲ ಎಲೆಯ ಬದನಿಕೆ ಎಂಬ ಪರಾವಲಂಬಿ ಗಿಡ ಬೇರು ಬಿಟ್ಟು ಕೂತಿತ್ತು. ‘ತರಗು ಬೆಂಕಿ ಆಕ್ತಿದ್ದಾಗ ಇದು ಇಷ್ಟಿರ್ನಿಲ್ಲ ಸಾಮಿ. ಲಾಂಟಾನ ಕಳೆಯೂ ಅಷ್ಟೆ.’ ತರಗೆಲೆಗೆ ಸಣ್ಣಗೆ ಬೆಂಕಿ ಕೊಡುವ ಆ ಪದ್ಧತಿ, 1974ರಲ್ಲಿ ಕಾಡು ಅಭಯಾರಣ್ಯವಾದ ಮೇಲೆ ಅಪರಾಧವಾಯಿತು. ಸಂಶೋಧಕರು ಈ ಮಾತಿಗೆ ಕಿವಿಗೊಡಲು ದಶಕಗಳೇ ಬೇಕಾದವು. ಅಲ್ಲಿ ಸೋಲಿಗರ ಅರಣ್ಯ ಹಕ್ಕಿಗೆ ಮಾನ್ಯತೆ ಸಿಕ್ಕಿದ್ದು 2011ರಲ್ಲಿ.

ಬೆಟ್ಟದ ರಂಗಪ್ಪ ಸೋಲಿಗರ ಕುಸುಮಾಲೆಯನ್ನು ಮದುವೆಯಾದ. ಹಾಗಾಗಿ ದೇವರು ಅವರಿಗೆ ಭಾವ. ಎಸ್ಸೆಸ್ಸೆಲ್ಸಿಯಲ್ಲಿ ಇದಕ್ಕೆ ಮಾರ್ಕ್ಸ್ ಇಲ್ಲ, ಬಿಡಿ. ನಮ್ಮಲ್ಲಿ ಮಾರ್ಕ್ಸ್ ಇಲ್ಲದ್ದು ಜ್ಞಾನವೇ ಅಲ್ಲವಲ್ಲ!

ಕೋರ್ಸ್ ಮುಗಿದ ಮೇಲೆ ಮಗನ ನೋಟ್ಸು ನಿಮಗೆ ಬೇಡವಾದರೆ ನಮ್ಮ ಕಚೇರಿಗೆ ಕಳಿಸಿಕೊಡಿ. ಅಂಚೆ ವೆಚ್ಚ ನಮ್ಮದು.

– ಸಂ.